ವೈ-ಫೈ ಐಪ್ಯಾಡ್ ಇಟ್ಕೊಂಡು ಕ್ರಾಸ್‌ಕಂಟ್ರಿ ಹಾರಬಹುದಾ ಸರ್?

ಪ್ರಶ್ನೆ: ಸರ್, ನಾನು ಸ್ಟೂಡೆಂಟ್ ಪೈಲಟ್. ಮೊದಲ ಸೋಲೋ ಕ್ರಾಸ್‌ಕಂಟ್ರಿ, ಅಂದ್ರೆ ಒಬ್ಬನೇ ಬೇರೆ ಏರ್‌ಫೀಲ್ಡ್‌ವರೆಗೆ ಹಾರೋದು, ಹತ್ತಿರ ಬಂತು. ನನ್ನ ಹತ್ರ ಇರೋದು ವೈ-ಫೈ ಮಾತ್ರ ಇರುವ ಐಪ್ಯಾಡ್. ಮನೇಲಿ ವಿಮಾನ ಹಾರಾಟದ ನಕ್ಷೆ ಆ್ಯಪ್ ತೆಗೆದ್ರೆ ನಾನಿರೋ ಜಾಗ ಸರಿಯಾಗೇ ತೋರಿಸುತ್ತೆ. ಮೇಲೆ ಹೋದಾಗಲೂ ತೋರಿಸುತ್ತಾ? ಪೇಪರ್ ಚಾರ್ಟ್ (ಹಾರಾಟದ ನಕ್ಷೆ), ನ್ಯಾವ್ ಲಾಗ್ (ದಾರಿ, ಸಮಯ, ಇಂಧನ ಕೈಯಲ್ಲಿ ಲೆಕ್ಕ ಹಾಕೋ ಹಾಳೆ) ಬಿಟ್ಟುಬಿಡಬಹುದಾ?

ಉತ್ತರ: ಮನೇಲಿ ಕಾಣೋ ಆ ಚುಕ್ಕೆಯನ್ನು ನಂಬಬೇಡಿ. ವೈ-ಫೈ ಮಾಡೆಲ್‌ನಲ್ಲಿ ಜಿಪಿಎಸ್ಸೇ ಇಲ್ಲ. ಸುತ್ತಲಿನ ವೈ-ಫೈ ನೆಟ್‌ವರ್ಕ್ ನೋಡಿ ಅಂದಾಜಿನ ಮೇಲೆ ಜಾಗ ಹೇಳುತ್ತೆ. ಆಕಾಶದಲ್ಲಿ ಆ ಆಟ ನಡೆಯಲ್ಲ. ಸೆಲ್ಯುಲಾರ್ ಮಾಡೆಲ್‌ನಲ್ಲಿ ಜಿಪಿಎಸ್ ಇರುತ್ತೆ, ಸಿಮ್ ಹಾಕದಿದ್ರೂ ಕೆಲಸ ಮಾಡುತ್ತೆ. ಈಗಿರೋದನ್ನೇ ಬಳಸಬೇಕಂದ್ರೆ ಬ್ಲೂಟೂತ್ ಜಿಪಿಎಸ್ ರಿಸೀವರ್ ಬೇಕು.

ಚಾರ್ಟ್‌ಗಳನ್ನ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿ. ಆಮೇಲೆ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ರೂಟ್ ಪೂರ್ತಿ ಮತ್ತು ಆಲ್ಟರ್ನೇಟ್ ಏರ್‌ಫೀಲ್ಡ್‌ನ (ಅಂದ್ಕೊಂಡ ಕಡೆ ಇಳಿಯೋಕಾಗದಿದ್ರೆ ಇಳಿಯೋ ಜಾಗದ) ಚಾರ್ಟ್ ಒಂದೊಂದಾಗಿ ತೆರೆದು ನೋಡಿ. ಏರಾಕ್ ಸೈಕಲ್, ಅಂದ್ರೆ ವೈಮಾನಿಕ ಮಾಹಿತಿ ಪರಿಷ್ಕರಿಸೋ ಅವಧಿ, 28 ದಿನಕ್ಕೊಮ್ಮೆ ಬದಲಾಗುತ್ತೆ, ಹಾರೋ ದಿನಕ್ಕೆ ಅದು ಚಾಲ್ತಿಯಲ್ಲಿದೆಯಾ ಅಂತಲೂ ನೋಡ್ಕೊಳ್ಳಿ. ಎರಡು ಸೈಕಲ್ ನಡುವಿನ ಬದಲಾವಣೆ ನೋಟಮ್‌ನಲ್ಲಿ (ಪೈಲಟ್‌ಗಳಿಗೆ ಕೊಡೋ ಸೂಚನೆ) ಬರುತ್ತೆ, ಅದನ್ನ ಬೇರೆಯಾಗಿ ಓದಲೇಬೇಕು.

ನ್ಯಾವ್ ಲಾಗ್ ಮಾತ್ರ ಬಿಡಬೇಡಿ. ಆ್ಯಪ್ ಲೆಕ್ಕ ನೀವು ತುಂಬಿದ ಏರ್‌ಕ್ರಾಫ್ಟ್ ಪ್ರೊಫೈಲ್ ಮೇಲೆ ನಿಂತಿರುತ್ತೆ. ಟ್ರೂ ಏರ್‌ಸ್ಪೀಡ್ (ಗಾಳಿಗೆ ಹೋಲಿಸಿದ ವಿಮಾನದ ನಿಜವಾದ ವೇಗ) 100 ನಾಟ್, ಅಂದ್ರೆ ಗಂಟೆಗೆ 100 ನಾಟಿಕಲ್ ಮೈಲಿ, ದೂರ 120 ನಾಟಿಕಲ್ ಮೈಲಿ ಅಂದ್ಕೊಳ್ಳಿ: ಗಾಳಿ ಇಲ್ಲದಿದ್ರೆ 72 ನಿಮಿಷ. 20 ನಾಟ್ ಎದುರುಗಾಳಿ ಬಿದ್ರೆ 90 ನಿಮಿಷ. ಆ್ಯಪ್ ಗಾಳಿಯ ಮುನ್ಸೂಚನೆ ತಗೊಳ್ಳದೇ 72 ಅಂತ ತೋರಿಸ್ತಾ ಇದ್ರೆ, ಕೈಯಲ್ಲಿ ಲೆಕ್ಕ ಹಾಕಿದವರಿಗಷ್ಟೇ ಅದು ಗೊತ್ತಾಗೋದು. ಆ 18 ನಿಮಿಷದ ಇಂಧನವನ್ನ ಮೇಲೆ ಹೋದಮೇಲೆ ತುಂಬಿಸೋಕಾಗಲ್ಲ.

ಪೇಪರ್ ಚಾರ್ಟ್ ಬಿಡೋದು ನಿಮ್ಮ ದೇಶದ ನಿಯಮ, ನಿಮ್ಮ ಸ್ಕೂಲಿನ ಅನುಮತಿಗೆ ಬಿಟ್ಟದ್ದು. ಅನುಮತಿ ಇದ್ರೂ ಸೋಲೋದಲ್ಲಿ ಒಂದನ್ನ ಮಡಚಿ ಇಟ್ಕೊಳ್ಳಿ ಅಂತೀನಿ ನಾನು.

ಇನ್ನೊಬ್ಬರ ಪ್ರಶ್ನೆ: ನನ್ನ ಆ್ಯಪ್‌ನಲ್ಲಿ ಝೂಮ್ ಔಟ್ ಮಾಡಿದ್ರೆ ಕೆಲವು ಟವರ್‌ಗಳು ಮಾಯ ಆಗ್ತವೆ. ಬಗ್ ಇರಬಹುದಾ?

ಉತ್ತರ: ಬಗ್ ಅಲ್ಲ. ನೀವು ನೋಡ್ತಿರೋದು ವೆಕ್ಟರ್ ಚಾರ್ಟ್, ಅಂದ್ರೆ ಆ್ಯಪ್ ದತ್ತಾಂಶದಿಂದ ತಾನೇ ಬಿಡಿಸೋ ನಕ್ಷೆ. ಪರದೆ ಗಿಜಿಗುಡಬಾರದು ಅಂತ ಝೂಮ್‌ಗೆ ತಕ್ಕಂತೆ ವಿವರ ಮರೆಮಾಡುತ್ತೆ. ಮುದ್ರಿತ ಚಾರ್ಟ್‌ನ ಚಿತ್ರವೇ ಆಗಿರುವ ರಾಸ್ಟರ್‌ನಲ್ಲಿ ಹಾಗಾಗಲ್ಲ. ಪ್ಲ್ಯಾನ್ ಮಾಡುವಾಗ ರಾಸ್ಟರ್ ಮೇಲೆ ರೂಟ್ ಉದ್ದಕ್ಕೂ ಬೆರಳಾಡಿಸಿ.

ಮತ್ತೊಬ್ಬರು: ಆ್ಯಪ್‌ನಲ್ಲಿ ರೇಡಾರ್ ಚಿತ್ರ ಬರುತ್ತಲ್ಲ, ಅದನ್ನ ನೋಡ್ಕೊಂಡು ಎರಡು ಮಳೆ ಸೆಲ್ (ಮಳೆಮೋಡದ ಗುಂಪು) ಮಧ್ಯೆ ನುಸುಳಬಹುದಾ?

ಉತ್ತರ: ಬೇಡ್ರೀ! ಅಮೆರಿಕದಲ್ಲಿ ವಿಮಾನ ಅಪಘಾತಗಳ ತನಿಖೆ ಮಾಡೋ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿದೆ: ಪರದೆಯಲ್ಲಿ ಒಂದು ನಿಮಿಷ ಹಳೆಯದು ಅಂತ ಬರೆದಿದ್ರೂ, ಒಳಗಿನ ಮಾಹಿತಿ ಅದಕ್ಕಿಂತ 15–20 ನಿಮಿಷ ಹಿಂದಿನದ್ದಾಗಿರಬಹುದು. ಸೆಲ್ ಅಷ್ಟರಲ್ಲಿ ಎಲ್ಲಿಗೋ ಸರಿದಿರುತ್ತೆ. ದೂರದಿಂದ ಸುತ್ತಿಹೋಗೋಕೆ, ಇಲ್ಲಾ ವಾಪಸ್ ಬರೋಕೆ ಬಳಸಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ಬಿಸಿಲಿಗೆ ಐಪ್ಯಾಡ್ ಆಫ್ ಆಗುತ್ತಂತಲ್ಲ?

ಉತ್ತರ: ಹೌದು. ಆ್ಯಪಲ್ ಹೇಳೋ ಮಿತಿ 35 ಡಿಗ್ರಿ ಸೆಲ್ಸಿಯಸ್. ಗ್ಲೇರ್‌ಶೀಲ್ಡ್ (ಮುಂದಿನ ಗಾಜಿನ ಕೆಳಗಿನ ಹಲಗೆ) ಮೇಲೆ ನೇರ ಬಿಸಿಲಿಗೆ ಇಟ್ರೆ ಬೇಗ ದಾಟುತ್ತೆ. ನೀಬೋರ್ಡ್ (ತೊಡೆಗೆ ಕಟ್ಕೊಳ್ಳೋ ಹಲಗೆ) ಮೇಲೆ ನೆರಳಲ್ಲಿ ಇಟ್ಕೊಳ್ಳಿ, ಹಾರುವಾಗ ಚಾರ್ಜ್ ಹಾಕಿದ್ರೆ ಇನ್ನೂ ಬಿಸಿಯಾಗುತ್ತೆ. ಹಾಂ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕ್ತೀರಾದ್ರೆ ಪರದೆಯನ್ನ ಅಡ್ಡ, ಉದ್ದ ಎರಡೂ ತಿರುಗಿಸಿ ನೆಲದ ಮೇಲೇ ನೋಡಿ. ಒಂದು ದಿಕ್ಕಿನಲ್ಲಿ ಪೂರ್ತಿ ಕಪ್ಪಾಗಿಬಿಡಬಹುದು.