ಜೋನಿ ಬೆಲ್ಲ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತಿದೆ: ಪರಿಹಾರ ಬೇಕು

ಪ್ರಶ್ನೆ (ಮುಧೋಳದ ಸಮೀಪದಿಂದ)

ಎಲ್ಲರಿಗೂ ನಮಸ್ಕಾರ. ಮನೆಯ ಬಳಕೆಗೆಂದು ಹಿತ್ತಲಿನಲ್ಲಿಯೇ ಸಣ್ಣ ಪ್ರಮಾಣದಲ್ಲಿ ಜೋನಿ ಬೆಲ್ಲ (ಪಾಕದಂತೆ ಹರಿಯುವ ದ್ರವ ಬೆಲ್ಲ) ಮಾಡುವ ಹವ್ಯಾಸ ನನ್ನದು. ಮೂರು ರೋಲರಿನ ಚಿಕ್ಕ ಗಾಣ, ಗ್ಯಾಸ್ ಭಟ್ಟಿ ಮತ್ತು ತಳದಿಂದ ಎರಡು ಬೆರಳು ಮೇಲೆ ನಲ್ಲಿ ಕೂಡಿಸಿದ ಸ್ಟೀಲ್ ಪಾತ್ರೆ ಇವೆ. ಒಂದು ಸಲಕ್ಕೆ ಇಪ್ಪತ್ತು ಲೀಟರ್ ರಸ ಕಾಯಿಸುತ್ತೇನೆ. ರಸ ಬಿಸಿಯಾಗುವಾಗ ಬೆಂಡೆಕಾಯಿಗಳನ್ನು ಹೆಚ್ಚಿ ನೇರವಾಗಿ ಹಾಕುತ್ತೇನೆ. ಮೇಲೆ ಬಂದ ಮಡ್ಡಿಯನ್ನು ಜಾಲರಿ ಸೌಟಿನಿಂದ ತೆಗೆದು, ಪಾಕ ತಯಾರಾದ ಮೇಲೆ ನಾಲ್ಕು ಪದರಿನ ಮಲ್ ಬಟ್ಟೆಯಲ್ಲಿ ಸೋಸುತ್ತೇನೆ.

ತೊಂದರೆಗಳು ಮೂರು. ಬೆಂಡೆಯ ಸಿಪ್ಪೆ ಮತ್ತು ಕಬ್ಬಿನ ನಾರು ನಲ್ಲಿಯ ಬಾಯಿಗೆ ಸಿಕ್ಕಿ ಪಾಕ ಹರಿಯುವುದೇ ನಿಂತುಹೋಗುತ್ತದೆ. ಬಟ್ಟೆಯಲ್ಲಿ ಮೊದಲಿನ ಒಂದು ಲೀಟರ್ ಇಳಿದ ಮೇಲೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಹಿಂಡಿದರೆ ಕೆಸರಿನಂಥ ಪಾಕ ಬರುತ್ತದೆ. ಇಷ್ಟಾದರೂ ಕೆಲವು ದಿನಗಳಲ್ಲಿ ಬಾಟಲಿಯ ತಳದಲ್ಲಿ ಗಸಿ ಕೂಡುತ್ತದೆ. ಇನ್ನೂ ಸಣ್ಣ ಕಣ್ಣಿನ ಬಟ್ಟೆ ತರಬೇಕೆ, ಅಥವಾ ಪಂಪಿನ ಫಿಲ್ಟರ್ ಕೂಡಿಸಬೇಕೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಸಂಕೇಶ್ವರದಿಂದ)

ಸರ್, ಬಟ್ಟೆಯನ್ನೂ ಪಂಪನ್ನೂ ಸದ್ಯಕ್ಕೆ ಬದಿಗಿಡಿ. ನೀವು ಸೋಸುತ್ತಿರುವ ಹೊತ್ತು ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಹಸಿ ರಸದಲ್ಲಿ ನೂರು ಪಾಲಿಗೆ ಎಂಬತ್ತರಷ್ಟು ನೀರೇ ಇರುತ್ತದೆ, ಆದ್ದರಿಂದ ಅದು ಯಾವ ಬಟ್ಟೆಯಲ್ಲಾದರೂ ಸರಾಗವಾಗಿ ಇಳಿಯುತ್ತದೆ. ಜೋನಿ ಬೆಲ್ಲದ ಹದಕ್ಕೆ ಬರುವಾಗ ನೀರು ಮೂವತ್ತು ಪಾಲಿಗೆ ಇಳಿದು, ಪಾಕದ ಜಿಗುಟುತನ ಹಲವು ಪಟ್ಟು ಏರಿರುತ್ತದೆ; ಕಸವನ್ನು ಆಗ ಹಿಡಿಯಲು ಹೋದರೆ ಎಂಥ ಬಟ್ಟೆಯೂ ಸೋಲುತ್ತದೆ. ಕಸದ ಬಹುಪಾಲನ್ನು ರಸ ತೆಳುವಾಗಿದ್ದಾಗಲೇ ತೆಗೆದುಬಿಡಬೇಕು, ಕೊನೆಯ ಬಟ್ಟೆಗೆ ಕೇವಲ ಕಾವಲಿನ ಕೆಲಸ ಉಳಿಯಬೇಕು.

ಮೊದಲು ಬೆಂಡೆಯ ವಿಷಯ. ನಮಗೆ ಬೇಕಾದದ್ದು ಅದರ ಲೋಳೆ ಮಾತ್ರ. ಸಿಪ್ಪೆಯೂ ಬೀಜವೂ ನೀವೇ ರಸಕ್ಕೆ ಸೇರಿಸಿದ ಹೊಸ ಕಸ. ಕಾಯಿಗಿಂತ ಹಸಿ ಕಾಂಡ ಒಳ್ಳೆಯದು. ಅದನ್ನು ಕಲ್ಲಿನ ಮೇಲೆ ಜಜ್ಜಿ, ತಣ್ಣೀರಿನಲ್ಲಿ ನೆನೆಸಿ, ಕೈಯಿಂದ ಚೆನ್ನಾಗಿ ಕಿವುಚಿದರೆ ನೀರು ಎಳೆ ಎಳೆಯಾಗಿ ಬೆರಳಿಗೆ ಅಂಟಿಕೊಂಡು ಬರುತ್ತದೆ. ಆ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಲೋಳೆಯನ್ನಷ್ಟೇ ರಸಕ್ಕೆ ಹಾಕಿರಿ. ನಲ್ಲಿ ಕಟ್ಟುವ ತೊಂದರೆಯಲ್ಲಿ ಅರ್ಧ ಇಲ್ಲಿಗೇ ಮುಗಿಯುತ್ತದೆ.

ಎರಡನೆಯದು ಉರಿ. ರಸ ಸುಮಾರು 80ರಿಂದ 85 ಡಿಗ್ರಿಗೆ ಬಂದಾಗ ಅದರೊಳಗಿನ ಪ್ರೋಟೀನು ಹೆಪ್ಪುಗಟ್ಟುತ್ತದೆ. ಕಬ್ಬಿನ ಮೇಣ, ಮಣ್ಣು ಮತ್ತು ಸಣ್ಣ ನಾರನ್ನು ಲೋಳೆ ಹಿಡಿದುಕೊಳ್ಳುತ್ತದೆ, ಗಾಳಿಯ ಗುಳ್ಳೆಗಳು ಅವೆಲ್ಲವನ್ನೂ ಮೇಲಕ್ಕೆ ಎತ್ತುತ್ತವೆ. ಆಗ ರಸದ ಮೇಲೆ ಕಪ್ಪು ಹಸಿರಿನ ದಪ್ಪ ಹೊದಿಕೆ ಕಟ್ಟುತ್ತದೆ. ಆ ಹೊದಿಕೆಯಲ್ಲಿ ಬಿರುಕು ಕಾಣಿಸಿ, ಬಿರುಕಿನೊಳಗೆ ತಿಳಿ ರಸ ಹೊಳೆಯಲು ತೊಡಗಿತೆಂದರೆ ಮಡ್ಡಿ ತೆಗೆಯುವ ಹೊತ್ತು ಬಂತೆಂದು ತಿಳಿಯಬೇಕು. ಉರಿಯನ್ನು ತಗ್ಗಿಸಿ, ಅವಸರ ಮಾಡದೆ ಅಂಚಿನಿಂದ ನಡುವಿನತ್ತ ಎಳೆದು ತೆಗೆಯಿರಿ. ಅದಕ್ಕೂ ಮೊದಲೇ ರಸ ಕುದಿಯಲು ಬಿಟ್ಟರೆ ಹೊದಿಕೆ ಒಡೆದು ಪುಡಿಪುಡಿಯಾಗಿ ಒಳಗೆ ಬೆರೆಯುತ್ತದೆ, ಮತ್ತೆ ಅದನ್ನು ಮೇಲಕ್ಕೆ ತರುವುದು ಬಹಳ ಕಷ್ಟ. ಇಡೀ ಕೆಲಸದಲ್ಲಿ ಅತ್ಯಂತ ತಾಳ್ಮೆ ಬೇಡುವ ಘಟ್ಟ ಇದೇ. ಮಡ್ಡಿಯನ್ನು ಚೆಲ್ಲದೆ ಗೊಬ್ಬರದ ಗುಂಡಿಗೆ ಹಾಕಿರಿ, ಒಳ್ಳೆಯ ಗೊಬ್ಬರವಾಗುತ್ತದೆ.

ಮೂರನೆಯದು ನಲ್ಲಿ. ಮಡ್ಡಿ ತೆಗೆದ ಮೇಲೆ ಉರಿ ಆರಿಸಿ, ಉದ್ದ ಸೌಟಿನಿಂದ ರಸವನ್ನು ಒಂದೇ ದಿಕ್ಕಿಗೆ ಜೋರಾಗಿ ತಿರುಗಿಸಿ, ಸೌಟನ್ನು ಹೊರತೆಗೆದು, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಮುಟ್ಟದೆ ಬಿಡಿ. ತಳಕ್ಕೆ ತಾಗಿದ ರಸ ಘರ್ಷಣೆಯಿಂದ ನಿಧಾನವಾಗುವುದರಿಂದ ತಳದಲ್ಲಿ ಅಂಚಿನಿಂದ ನಡುವಿಗೆ ಒಂದು ಹರಿವು ಹುಟ್ಟುತ್ತದೆ, ಭಾರವಾದ ಚೂರುಗಳು ಆ ಹರಿವಿನೊಂದಿಗೆ ಸರಿದು ನಡುವೆ ಗುಡ್ಡೆಯಾಗುತ್ತವೆ. ಚಹಾದ ಬಟ್ಟಲಿನಲ್ಲಿ ಎಲೆಚೂರು ನಡುವೆ ಸೇರುವ ಈ ಸಂಗತಿಯನ್ನು ಐನ್‌ಸ್ಟೈನ್ ಅವರು 1926ರಲ್ಲಿ, ನದಿಗಳು ಏಕೆ ಬಳಸಿ ಹರಿಯುತ್ತವೆ ಎಂಬ ಲೇಖನದಲ್ಲಿ ವಿವರಿಸಿದ್ದರು. ನಿಮ್ಮ ನಲ್ಲಿ ಪಾತ್ರೆಯ ಬದಿಯಲ್ಲಿ ಇರುವುದರಿಂದ ತಿಳಿ ರಸ ಮಾತ್ರ ಹೊರಬರುತ್ತದೆ. ಮೊದಲು ಅರ್ಧಂಬರ್ಧ ತೆರೆಯಿರಿ. ಪೂರ್ತಿ ತೆರೆದರೆ ಸೆಳೆತಕ್ಕೆ ಗುಡ್ಡೆ ಕದಡುತ್ತದೆ. ಗಟ್ಟಿ ಪಾಕದಲ್ಲಿ ಈ ಉಪಾಯ ನಡೆಯುವುದಿಲ್ಲ.

ಹೀಗೆ ಬಂದ ರಸವನ್ನು ಮೊದಲು 40 ಮೆಶ್ (ಅಂಗುಲಕ್ಕೆ ನಲವತ್ತು ಕಣ್ಣಿನ) ಸ್ಟೀಲ್ ಜರಡಿಯಲ್ಲಿ, ಅನಂತರ 100 ಮೆಶ್ ಜರಡಿಯಲ್ಲಿ ಸೋಸಿ, ತೊಳೆದ ಪಾತ್ರೆಯಲ್ಲಿ ಮತ್ತೆ ಒಲೆಗೆ ಏರಿಸಿರಿ. ಒರಟು ಜರಡಿ ನಾರನ್ನು ತಡೆಯದಿದ್ದರೆ ಸಣ್ಣ ಜರಡಿ ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಬಟ್ಟೆಯನ್ನು ಮಾತ್ರ ಎಂದಿಗೂ ಹಿಂಡಬೇಡಿ, ಏಕೆಂದರೆ ಲೋಳೆ ತುಂಬಿದ ಮಡ್ಡಿ ಒತ್ತಿದಷ್ಟೂ ಬಿಗಿಯಾಗಿ ಕಣ್ಣುಗಳನ್ನು ಮುಚ್ಚುತ್ತದೆ, ಉಳಿದದ್ದು ಬಟ್ಟೆಯನ್ನು ದಾಟಿ ಕೆಳಗಿಳಿಯುತ್ತದೆ. ನೀವು ಕಂಡ ಕೆಸರು ಅದೇ.

ಒಂದು ಪ್ರಶ್ನೆ ಉಳಿಯಿತು: ಕಬ್ಬು ಕಡಿದ ಎಷ್ಟು ಹೊತ್ತಿಗೆ ಗಾಣಕ್ಕೆ ಕೊಡುತ್ತೀರಿ? ಸುಣ್ಣ ಹಾಕುತ್ತೀರಾ?

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ಕಬ್ಬು 86032 ತಳಿಯದು. ಆಳುಗಳ ಅನುಕೂಲ ನೋಡಿ ಗುರುವಾರ ಕಡಿಸಿ, ರವದಿ (ಕಬ್ಬಿನ ಒಣ ಎಲೆ) ಮುಚ್ಚಿ ಇಟ್ಟು, ಭಾನುವಾರ ನುರಿಸುತ್ತೇವೆ. ಸುಣ್ಣದ ತಿಳಿನೀರನ್ನು ಅಂದಾಜಿನಲ್ಲಿ ಹಾಕುತ್ತೇನೆ, ಬಣ್ಣ ಸ್ವಲ್ಪ ಕಪ್ಪಾಗಿಯೇ ಬರುತ್ತದೆ. ಕೆಲವೊಮ್ಮೆ ಹಸಿ ರಸವೇ ಕೈಗೆ ಜಾರುವಂತೆ ಲೋಳೆಯಾಗಿರುತ್ತದೆ.

ಉತ್ತರ (ಸಂಕೇಶ್ವರದಿಂದ)

ಹಸಿ ರಸ ಜಾರುತ್ತದೆ ಎಂದಿರಲ್ಲ, ಬಟ್ಟೆ ಕಟ್ಟುವುದಕ್ಕೆ ಮುಖ್ಯ ಕಾರಣ ಅಲ್ಲಿಯೇ ಇದೆ. ಕಡಿದಿಟ್ಟ ಕಬ್ಬಿನ ಕೊಯ್ದ ತುದಿಗಳಿಂದ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಸೇರಿ, ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಅಂಟನ್ನು ಉಂಟುಮಾಡುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿಯೂ ಹಳಸಿದ ಕಬ್ಬು ಬಂದರೆ ರಸ ಸೋಸುವುದು ಇದೇ ಕಾರಣಕ್ಕೆ ನಿಧಾನವಾಗುತ್ತದೆ. ಈ ಅಂಟು ರಸದಲ್ಲಿ ಕರಗಿರುತ್ತದೆಯಾದ್ದರಿಂದ ಜರಡಿಯಾಗಲಿ ಬಟ್ಟೆಯಾಗಲಿ ಅದನ್ನು ಹಿಡಿಯಲಾರದು. ಬೇಕಾದಷ್ಟೇ ಕಬ್ಬನ್ನು ಹಿಂದಿನ ದಿನ ಸಂಜೆ ಕಡಿದು, ಬೆಳಿಗ್ಗೆ ಮಣ್ಣು ತೊಳೆದು ನುರಿಸಿರಿ; ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಗಾಣದ ರೋಲರುಗಳನ್ನು ಕೆಲಸ ಮುಗಿದ ಕೂಡಲೇ ಬಿಸಿನೀರಿನಿಂದ ತೊಳೆಯುವುದೂ ಅಷ್ಟೇ ಅಗತ್ಯ.

ಸುಣ್ಣ ಹೆಚ್ಚಾದರೆ ಬಣ್ಣ ಕಪ್ಪಾಗುತ್ತದೆ, ಸುಣ್ಣದ ಅಂಶವೇ ಗಸಿಯಾಗಿ ತಳಕ್ಕೂ ಕೂಡುತ್ತದೆ. ಗಟ್ಟಿ ಬೆಲ್ಲಕ್ಕೆ ಹರಳು ಕಟ್ಟಬೇಕು, ಅಲ್ಲಿ ಅಳತೆಯ ಸುಣ್ಣ ಸರಿ. ಜೋನಿ ಬೆಲ್ಲಕ್ಕೆ ಹರಳು ಕಟ್ಟಲೇಬಾರದು, ಆದ್ದರಿಂದ ನಿಮಗೆ ಸುಣ್ಣವೇ ಬೇಡ. ಪಾಕ ಇಳಿಸುವ ಮುನ್ನ ಪ್ರತಿ ಕಿಲೋ ಜೋನಿ ಬೆಲ್ಲಕ್ಕೆ 400 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಬೆರೆಸುವುದು ರೂಢಿಯ ಪ್ರಮಾಣ. ಹುಳಿಯಿಂದ ಸಕ್ಕರೆಯ ಒಂದಂಶ ಒಡೆದು ಹರಳುಗಟ್ಟುವುದು ತಪ್ಪುತ್ತದೆ.

ಉತ್ತರ (ವಿಜಯಪುರದಿಂದ)

ಹಿರಿಯರು ಹೇಳಿದ್ದಕ್ಕೆ ಥರ್ಮಾಮೀಟರಿನ ವಿಷಯವನ್ನಷ್ಟೇ ಸೇರಿಸುತ್ತೇನೆ. ಜೋನಿ ಬೆಲ್ಲವನ್ನು 105–106 ಡಿಗ್ರಿಗೆ ಇಳಿಸಬೇಕೆಂದು ಪುಸ್ತಕಗಳಲ್ಲಿ ಇರುತ್ತದೆ, ಆದರೆ ಎತ್ತರ ಹೆಚ್ಚಿದಂತೆ ನೀರು ಕುದಿಯುವ ಬಿಂದು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ಭಾಗದಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಬೆಳಗಾವಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಆದ್ದರಿಂದ ಅದೇ ಥರ್ಮಾಮೀಟರಿನಿಂದ ಮೊದಲು ಕುದಿಯುವ ನೀರನ್ನು ಅಳೆದು, ಅದಕ್ಕಿಂತ ಐದಾರು ಡಿಗ್ರಿ ಮೇಲೆ ಬಂದಾಗ ಪಾಕವನ್ನು ಇಳಿಸಿರಿ. ಪುಸ್ತಕದ ಅಂಕಿಯನ್ನೇ ಹಿಡಿದು ಕಾಯಿಸಿದರೆ ಪಾಕ ಅಗತ್ಯಕ್ಕಿಂತ ಗಟ್ಟಿಯಾಗುತ್ತದೆ, ಸೋಸುವುದೂ ಕಷ್ಟ, ಬಾಟಲಿಯಲ್ಲಿ ಹರಳು ಕಟ್ಟುವುದೂ ಹೆಚ್ಚು.

ಬಾಟಲಿಯ ಗಸಿ ಯಾವುದೆಂದು ತಿಳಿಯಲು ಅದರಲ್ಲಿ ಅರ್ಧ ಚಮಚ ತೆಗೆದು ಒಂದು ಲೋಟ ಬಿಸಿನೀರಿಗೆ ಹಾಕಿ ಕಲಕಿರಿ. ಪೂರ್ತಿ ಕರಗಿದರೆ ಅದು ಸಕ್ಕರೆಯ ಹರಳು, ಸೋಸುವಿಕೆಗೆ ಸಂಬಂಧವಿಲ್ಲ. ಕರಗದೆ ತಳಕ್ಕೆ ಕೂಡಿದರೆ ಸುಣ್ಣದ ಅಂಶ ಅಥವಾ ಉಳಿದ ಮಡ್ಡಿ ಎಂದು ತಿಳಿಯಿರಿ.

ಪ್ರಶ್ನೆ ಕೇಳಿದವರು

ಈ ಸಲ ಸಂಜೆ ಕಡಿದ ಕಬ್ಬನ್ನು ಬೆಳಿಗ್ಗೆ ನುರಿಸಿ, ಲೋಳೆಯನ್ನಷ್ಟೇ ಹಾಕಿ, ಸುಣ್ಣ ಬಿಟ್ಟು ಮಾಡಿದೆ. ನಲ್ಲಿ ಒಮ್ಮೆಯೂ ಕಟ್ಟಲಿಲ್ಲ. ಪಾತ್ರೆಯ ನಡುವೆ ಹಸಿರು ಬೂದು ಬಣ್ಣದ ಗುಡ್ಡೆ ನಿಂತದ್ದನ್ನು ಕಣ್ಣಾರೆ ಕಂಡೆ. ಬಣ್ಣ ಜೇನಿನಂತೆ ಬಂದಿದೆ. ಹಳೆಯ ಬಾಟಲಿಯ ಗಸಿಯನ್ನು ಬಿಸಿನೀರಿಗೆ ಹಾಕಿದಾಗ ಅರ್ಧ ಕರಗಿತು, ಅರ್ಧ ಬಿಳಿ ಪುಡಿಯಾಗಿ ಉಳಿಯಿತು. ಹೊಸ ಪಾಕದಲ್ಲಿಯೂ ತೀರ ಸಣ್ಣ ಕಣಗಳು ತೇಲುತ್ತಿವೆ, ಅವಕ್ಕೆ ಏನು ಮಾಡಲಿ?

ಉತ್ತರ (ಸಂಕೇಶ್ವರದಿಂದ)

ಅವನ್ನು ಬಟ್ಟೆಯಿಂದ ಹಿಡಿಯಲು ಹೋಗಬೇಡಿ. ಪಾಕವನ್ನು ಎತ್ತರದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಎಂಟು–ಹತ್ತು ದಿನ ಅಲುಗಾಡಿಸದೆ ಇಡಿ. ತಳಕ್ಕೆ ಕೂಡಿದ್ದನ್ನು ಕದಡದೆ ಮೇಲಿನ ತಿಳಿಯನ್ನು ಮಾತ್ರ ಬಸಿದು, ಕುದಿಯುವ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಬಾಟಲಿಗಳಿಗೆ ತುಂಬಿರಿ. ಡಬ್ಬಿಯ ತಳದಲ್ಲಿ ಉಳಿದ ಪಾಕವನ್ನು ಮುಂದಿನ ಸಲದ ಹಸಿ ರಸಕ್ಕೆ ಬೆರೆಸಿದರೆ ಮಡ್ಡಿಯ ಜೊತೆ ಅದರ ಕಸವೂ ಮೇಲೆ ಬರುತ್ತದೆ.