ಅಪ್‌ಡೇಟ್: ಎ-2 ಚರ್ಮದ ಜಾಕೆಟ್ ಕೊನೆಗೂ ಕೈಸೇರಿತು

ಎರಡನೇ ಮಹಾಯುದ್ಧದ ಅಮೆರಿಕನ್ ವೈಮಾನಿಕರು ಧರಿಸುತ್ತಿದ್ದ ಎ-2 ಜಾಕೆಟ್ಟಿನ ಯಥಾವತ್ ಪ್ರತಿಯನ್ನು ಹೊಲಿಸಲು ಕುದುರೆ ಚರ್ಮ ಸೂಕ್ತವೋ ಮೇಕೆ ಚರ್ಮವೋ ಎಂದು ಹಿಂದೆ ಕೇಳಿದ್ದೆ. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡು ತನ್ನ ವಿಮಾನಗಳನ್ನು ದುರಸ್ತಿ ಮಾಡಿಸಿಕೊಳ್ಳುತ್ತಿದ್ದ ಕಾಲದ ನೆನಪಿಗಾಗಿ ನನಗೆ ಈ ಜಾಕೆಟ್ ಬೇಕಿತ್ತು. ಆಗ ಎರಡೂ ಚರ್ಮಗಳು ಬಳಕೆಯಲ್ಲಿದ್ದರೂ ಕುದುರೆ ಚರ್ಮದವೇ ಹೆಚ್ಚೆಂದು ನೀವು ತಿಳಿಸಿದ ಮೇಲೆ, ತೊಗಟೆಯ ರಸದಲ್ಲಿ ಹದ ಮಾಡಿದ ಕಂದು ಬಣ್ಣದ ಕುದುರೆ ಚರ್ಮವನ್ನೇ ಆರಿಸಿದೆ.

ಮೊದಲು ಬಂದ ಜಾಕೆಟ್ಟಿನಲ್ಲಿ ಪಕ್ಕದಿಂದ ಕೈ ತೂರಿಸುವ ಜೇಬುಗಳಿದ್ದವು, ಬೆನ್ನಿನ ನಡುವೆ ಜೋಡಣೆಯ ಹೊಲಿಗೆಯೂ ಇತ್ತು. 1931ರ ಮೂಲ ವಿನ್ಯಾಸದಲ್ಲಿ ಮುಚ್ಚಳವಿರುವ ಎರಡು ಜೇಬುಗಳಷ್ಟೇ ಇದ್ದು, ಬೆನ್ನು ಒಂದೇ ತುಂಡು ಚರ್ಮದ್ದಾಗಿರುವುದರಿಂದ ಅದನ್ನು ಹಿಂದಿರುಗಿಸಿದೆ. ಹೊಲಿದವರು ತಪ್ಪನ್ನೊಪ್ಪಿ ಹೊಸದಾಗಿ ಕತ್ತರಿಸಿ ಹೊಲಿದುಕೊಟ್ಟರು.

ಈಗ ಬಂದಿರುವುದು ನಿಜಕ್ಕೂ ಮನ ತುಂಬುವಂತಿದೆ. ಕಾಲರಿನ ತುದಿಯನ್ನು ಒತ್ತಿದರೆ ಅಡಿಯಲ್ಲಿ ಅಡಗಿರುವ ಟಿಚ್ ಬಟನ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮುಂಗೈ ಮತ್ತು ಸೊಂಟದ ಉಣ್ಣೆಯ ಪಟ್ಟಿಗಳು ಬಿಗಿಯಾಗಿವೆ. ಮೊಣಕೈ ಬಳಿ ಚರ್ಮ ಆಗಲೇ ನೆರಿಗೆ ಹಿಡಿದಿದೆ. ಚೀನಾ-ಬರ್ಮಾ-ಇಂಡಿಯಾ ರಣರಂಗದ ಲಾಂಛನವನ್ನು ಎಡತೋಳಿಗೆ ಇನ್ನೂ ಹೊಲಿಸಿಲ್ಲ. ಚರ್ಮದಲ್ಲಿ ಬಿದ್ದ ಸೂಜಿಯ ತೂತು ಮತ್ತೆ ಮುಚ್ಚುವುದಿಲ್ಲವಾದ್ದರಿಂದ, ಹಳೆಯ ಛಾಯಾಚಿತ್ರಗಳಲ್ಲಿ ಅದರ ಜಾಗವನ್ನು ಸರಿಯಾಗಿ ನೋಡಿಕೊಂಡ ಬಳಿಕವೇ ಆ ಕೆಲಸಕ್ಕೆ ಕೈ ಹಾಕುತ್ತೇನೆ.