ಜಿ ಪ್ರೋಟೀನನ್ನು ‘ಸಂದೇಶವಾಹಕ’ ಎನ್ನಬಹುದೆ?

ಆತ್ಮೀಯರೆ,

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿರುವ ಜೀವಕೋಶದ ಪಾಠವೊಂದರಲ್ಲಿ, ಕೋಶದ ಹೊರಗಿನ ಸಂಜ್ಞೆಗೆ ಒಳಗೆ ಪ್ರತಿಕ್ರಿಯೆ ಹುಟ್ಟಿಸುವ ಜಿ ಪ್ರೋಟೀನುಗಳನ್ನು ‘ಸಂದೇಶವಾಹಕ ಪ್ರೋಟೀನುಗಳು’ ಎಂದು ಕರೆದಿದ್ದೆ. ಕರಡನ್ನು ಮತ್ತೆ ಓದಿದಾಗ ಆ ಪದ ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತದೆ ಎಂದು ಮನವರಿಕೆಯಾಯಿತು. ಕೋಶದೊಳಗೆ ಹುಟ್ಟುವ ಆವರ್ತಕ ಎಎಂಪಿ (ಸೈಕ್ಲಿಕ್ ಎಎಂಪಿ) ಎಂಬ ಸಣ್ಣ ಅಣುವಿಗೆ ‘ದ್ವಿತೀಯ ಸಂದೇಶವಾಹಕ’ ಎಂಬ ಹೆಸರು ಈಗಾಗಲೇ ಇದೆ. ಆರ್‌ಎನ್‌ಎಯ ಒಂದು ಬಗೆಗೂ ‘ಸಂದೇಶವಾಹಕ’ ಎಂದೇ ಹೇಳುತ್ತೇವೆ. ಆದರೆ ನನ್ನ ಮುಖ್ಯ ಆಕ್ಷೇಪ ಇರುವುದು ‘ವಾಹಕ’ ಎಂಬುದಕ್ಕೆ.

ಉದಾಹರಣೆಗೆ, ಅಡ್ರಿನಲಿನ್ ಹಾರ್ಮೋನು ಸಂದೇಶ ಮುಟ್ಟಿಸಲು ಜೀವಕೋಶದೊಳಗೆ ಬರುವುದೇ ಇಲ್ಲ. ಕೋಶಪೊರೆಯನ್ನು ಏಳು ಸಲ ಹಾದಿರುವ ಗ್ರಾಹಿಯನ್ನು (ರಿಸೆಪ್ಟರ್) ಅದು ಹೊರಗಿನಿಂದ ಹಿಡಿದಾಗ ಗ್ರಾಹಿಯ ಆಕಾರ ಬದಲಾಗುತ್ತದೆ. ಆಗ ಒಳಬದಿಯಲ್ಲಿರುವ ಜಿ ಪ್ರೋಟೀನು ತನ್ನಲ್ಲಿದ್ದ ಜಿಡಿಪಿ ಎಂಬ ನ್ಯೂಕ್ಲಿಯೋಟೈಡನ್ನು ಬಿಟ್ಟು, ಒಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿಯನ್ನು ಹಿಡಿಯುತ್ತದೆ, ಅದರ ಆಲ್ಫಾ ಘಟಕವು ಬೀಟಾ–ಗ್ಯಾಮಾ ಜೋಡಿಯಿಂದ ಬೇರ್ಪಟ್ಟು, ಆವರ್ತಕ ಎಎಂಪಿಯನ್ನು ತಯಾರಿಸುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕರೆಗಂಟೆಯ ಗುಂಡಿ ಒತ್ತಿದ ಬೆರಳು ಬಾಗಿಲ ಹೊರಗೇ ಉಳಿದು, ಮನೆಯೊಳಗೆ ಸದ್ದು ಮಾತ್ರ ಕೇಳಿಸುವ ಹಾಗೆ. ಇಲ್ಲಿ ನಡೆಯುವುದು ಸಾಗಣೆಯಲ್ಲ, ರೂಪಾಂತರ. ಆದ್ದರಿಂದ ‘ಸಂಜ್ಞಾ ಪರಿವರ್ತಕ’ ಎಂಬ ಪದವನ್ನು ಸೂಚಿಸುತ್ತಿದ್ದೇನೆ. ಈ ಪ್ರೋಟೀನುಗಳನ್ನು ಕಂಡುಹಿಡಿದು 1994ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಮಾರ್ಟಿನ್ ರಾಡ್‌ಬೆಲ್ ಅವರೂ ಇವುಗಳ ಕೆಲಸವನ್ನು ಪರಿವರ್ತನೆಯೆಂದೇ ಗ್ರಹಿಸಿದ್ದರು. ‘ಪರಿವರ್ತಕ’ ಎಂದರೆ ರಸ್ತೆಬದಿಯ ವಿದ್ಯುತ್ ಟ್ರಾನ್ಸ್‌ಫಾರ್ಮರ್ ನೆನಪಾಗುವುದು ನಿಜ. ‘ಸಂಜ್ಞಾ’ ಎಂಬುದು ಮುಂದಿದ್ದರೆ ಆ ಗೊಂದಲ ಉಳಿಯದು.

‘ಸಂಜ್ಞಾ’ ಬದಲು ‘ಸಂಕೇತ’ ಎನ್ನದಿರಲು ಕಾರಣ, ಅದೇ ಪುಸ್ತಕದಲ್ಲಿ ಮೂಲವಸ್ತುಗಳ ರಾಸಾಯನಿಕ ಸಂಕೇತಗಳೂ ಬರುತ್ತವೆ. ಇನ್ನು ರಿಸೆಪ್ಟರ್‌ಗೆ ‘ಗ್ರಾಹಕ’ ಎಂದರೆ ಓದುಗರಿಗೆ ಬ್ಯಾಂಕಿನ ಗ್ರಾಹಕನೇ ಮೊದಲು ಕಾಣಿಸುತ್ತಾನೆ. ‘ಹೃದಯಗ್ರಾಹಿ’, ‘ಸಾರಗ್ರಾಹಿ’ಗಳಿಂದ ಪರಿಚಿತವಾದ ‘ಗ್ರಾಹಿ’ ನನಗೆ ಹಿಡಿಸಿದೆ.

ಇನ್ನೊಂದು ತೊಡಕು ‘ಜಿ’ ಅಕ್ಷರದ್ದು. ಅದು ಗ್ವಾನಿನ್ ನ್ಯೂಕ್ಲಿಯೋಟೈಡನ್ನು ಸೂಚಿಸುತ್ತದೆ, ಆದರೆ ಕನ್ನಡದಲ್ಲಿ ಗ್ವಾನಿನ್ ಆರಂಭವಾಗುವುದು ಗಕಾರದಿಂದ. ಹೀಗಾಗಿ ನಂಟು ಕಣ್ಣಿಗೆ ಬೀಳುವುದಿಲ್ಲ. ‘ಜಿ’ಯನ್ನು ಉಳಿಸಿಕೊಂಡು, ಮೊದಲ ಬಳಕೆಯಲ್ಲಿ ‘ಗ್ವಾನಿನ್ ನ್ಯೂಕ್ಲಿಯೋಟೈಡ್ ಬಂಧಕ ಪ್ರೋಟೀನ್’ ಎಂದು ಬಿಡಿಸಿ ಹೇಳುವುದೇ ಸರಿಯೆನಿಸುತ್ತದೆ.

ನಿಜಕ್ಕೂ ನಾನು ಸೋತಿರುವುದು ಒಂದು ಕ್ರಿಯಾಪದದಲ್ಲಿ. ಆಲ್ಫಾ ಘಟಕವು ಜಿಟಿಪಿಯನ್ನು ತಾನೇ ಒಡೆದು ಜಿಡಿಪಿಯಾಗಿಸಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಕಾಲರಾ ವಿಷವು ತಡೆಯುವುದು ಇದನ್ನೇ; ಕರುಳಿನ ಕೋಶಗಳಲ್ಲಿ ಆವರ್ತಕ ಎಎಂಪಿ ಏರುತ್ತಲೇ ಹೋಗಿ, ಲವಣವೂ ನೀರೂ ಕರುಳಿಗೆ ಸುರಿದು ರೋಗಿ ಬಸವಳಿಯುತ್ತಾನೆ. ಹೀಗೆ ತನ್ನಷ್ಟಕ್ಕೆ ಕೆಲಸ ನಿಲ್ಲಿಸುವುದಕ್ಕೆ ‘ನಿಷ್ಕ್ರಿಯವಾಗುತ್ತದೆ’ ಎಂದರೆ ಕೆಟ್ಟುಹೋದಂತೆ ಕೇಳಿಸುತ್ತದೆ, ‘ಆರುತ್ತದೆ’ ಎಂದರೆ ದೀಪದ ಮಾತಾಗುತ್ತದೆ. ‘ತಣಿಯುತ್ತದೆ’ ಎನ್ನಬಹುದೆ? ಜೀವವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.